ಚೀರಕ್ಕ ಚೀರದ ಕಂತು

ಆ ಮನೆಯಲ್ಲಿ ಕೊಲೆಯಾದರೂ ಯಾರೂ ಎದ್ದು ಹೋಗಬೇಡಿ ಎಂದು ವಠಾರದವರು ಹೊಸದಾಗಿ ಬಾಡಿಗೆಗೆ ಬಂದವರಿಗೆ ಮೊದಲೇ ಹೇಳಿಬಿಡುತ್ತಿದ್ದರು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಮಹಡಿ ಮೆಟ್ಟಿಲಲ್ಲಿ ಯಾವುದು ಸಡಿಲ, ಅದಾದ ಮೇಲೆ ಇದು. "ಮೇಲಿನ ಮನೆಯಿಂದ ಕಿರುಚಾಟ ಕೇಳಿದ್ರೆ ಗಾಬರಿ ಬೀಳ್ಬೇಡಿ. ನಮ್ಮ ಚೀರಕ್ಕ ಕೆಲಸಕ್ಕೆ ಹೊರಡೋ ಮುಂಚೆ ಗಂಟಲು ಸರಿ ಮಾಡ್ಕೋತಾಳೆ, ಅಷ್ಟೇ."

ಚೀರುವುದೇ ಅವಳ ಕಸುಬು. ಟೀವಿ ಧಾರಾವಾಹಿಗಳಲ್ಲಿ ಚೆಂದದ ನಟಿಯರು ಹೆಣ ಕಂಡು, ಹಾವು ಕಂಡು, ಗಂಡನ ಕೈಯಲ್ಲಿ ಕತ್ತಿ ಕಂಡು ಬಾಯಿ ತೆರೆಯುತ್ತಾರಲ್ಲ, ಆ ಬಾಯಿಂದ ಹೊರಡುತ್ತಿದ್ದುದು ಇವಳ ದನಿ. ನಟಿಯರು ತಾವೇ ಕಿರುಚಿದರೆ ಮಾರನೆಯ ದಿನ ಮಾತಾಡಲು ಗಂಟಲೇ ಇರುವುದಿಲ್ಲ. ಅಳು, ನರಳಾಟ, ಬಿಕ್ಕು, ಮೆಟ್ಟಿಲಿನಿಂದ ಉರುಳುವವಳ ಏದುಸಿರು, ಹೆರಿಗೆಯ ನೋವು, ಎಲ್ಲವೂ ಚೀರಕ್ಕನ ಪಾಲಿಗೆ. ಮಾತು ಮಾತ್ರ ಒಂದೂ ಇಲ್ಲ. ತೆರೆಯ ಮೇಲೆ ಹೆಸರೂ ಇಲ್ಲ. ಅವಳು ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೆ ಊರಿ, ಕಣ್ಣು ಮುಚ್ಚಿ ಒಂದು ಸಲ ಚೀರಿದಳೆಂದರೆ ಗಾಜಿನಾಚೆ ಕೂತ ಧ್ವನಿಮುದ್ರಕನಿಗೆ ತೋಳಿನ ರೋಮ ನಿಮಿರಿ ನಿಲ್ಲುತ್ತಿತ್ತು. ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. "ಅದೆಲ್ಲಿಂದ ಬರುತ್ತಮ್ಮ ನಿಂಗೆ?" ಎಂದರೆ ಇವಳು, "ಹಿಮ್ಮಡಿಯಿಂದ ಅಣ್ಣ. ಗಂಟಲು ಬರೀ ಬಾಗಿಲು," ಎಂದು ನಕ್ಕು ಚಪ್ಪಲಿ ಮೆಟ್ಟುತ್ತಿದ್ದಳು.

ಗಂಡ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು. ಆ ಮಗುವನ್ನು ಚೀರಿ ಚೀರಿಯೇ ಸಾಕಿದಳು. ಮಗು ಬೆಳೆದು ಹೈಸ್ಕೂಲಿಗೆ ಹೋದದ್ದೇ ತಡ, ಅಮ್ಮನ ಕಸುಬು ಅವಳಿಗೆ ಕಾಲಿಗೆ ನೆಟ್ಟ ಮುಳ್ಳಾಯಿತು. ಜೊತೆಯ ಹುಡುಗಿಯರು ಹಿಂದಿನಿಂದ ಬಂದು ಚಿವುಟಿ, "ಎಲ್ಲಿ, ನಿಮ್ಮಮ್ಮನ ಥರ ಒಂದ್ಸಲ!" ಎನ್ನುತ್ತಿದ್ದರು. ಅಮ್ಮನ ದನಿಯಿರುವ ಧಾರಾವಾಹಿ ಶುರುವಾದರೆ ಮಗಳು ತಾರಸಿ ಹತ್ತಿಬಿಡುತ್ತಿದ್ದಳು.

"ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತ ಟೀಚರ್ ಕೇಳಿದ್ರು," ಎಂದಳು ಒಂದು ದಿನ. "ಏನು ಹೇಳ್ಲಿ? ಬಾಯಿ ಬಡ್ಕೋತಾಳೆ ಅನ್ಲಾ?"

ಚೀರಕ್ಕ ಒಲೆಯ ಕಡೆ ತಿರುಗಿ ಸಾರು ತಿರುವತೊಡಗಿದಳು.

ಆ ದಿನಗಳಲ್ಲೇ ವಾರಕ್ಕೊಂದು ಕಥೆ ಹೇಳುವ ಒಂದು ಭಯದ ಧಾರಾವಾಹಿ ನಡೆಯುತ್ತಿತ್ತು. ಅದರ ಒಂದು ಕಂತಿನ ಕಥೆ ಹೀಗಿತ್ತು. ಒಂದು ಮನೆ. ತಾಯಿ ಸತ್ತಿದ್ದಾಳೆ. ದುಃಖ ತಡೆಯಲಾರದೆ ಮನೆಯವರು ಅವಳ ಅಡುಗೆಮನೆಗೆ ಬೀಗ ಜಡಿದಿದ್ದಾರೆ. ದಿನಾ ಸಂಜೆ ಆ ಬಾಗಿಲ ಹಿಂದಿನಿಂದ ಕಿರಿಯ ಮಗನಿಗೆ ಊಟದ ಕರೆ ಬರುತ್ತದೆ. ಕಡೆಗೊಂದು ಸಂಜೆ ಅವನು ಬೀಗ ತೆಗೆದು ಒಳಗೆ ಹೋಗುತ್ತಾನೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನಿಂದ ತಾಯಿಯ ಒಂದು ಭೀಕರ ಚೀತ್ಕಾರ. ಮುಗಿಯಿತು.

ಕರೆಯುವ ದನಿಗೆ ಬೇರೆ ನಟಿ ನಿಗದಿಯಾಗಿದ್ದಳು. ಚೀತ್ಕಾರ ಚೀರಕ್ಕನದು. ನಟಿ ಜ್ವರ ಬಂದು ಮಲಗಿದಾಗ ನಿರ್ದೇಶಕ, "ಆ ಒಂದು ಮಾತೂ ನೀನೇ ಹೇಳ್ಬಿಡಮ್ಮ. ಹೆಸರೂ ಹಾಕಿಸ್ತೀನಿ," ಎಂದ.

ಅವಳು ಓಡುತ್ತಲೇ ಮನೆಗೆ ಬಂದಳು. "ಈ ಸಲ ಮಾತಿದೆ ಕಣೇ!"

ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ. "ಎಷ್ಟು?"

"ಒಂದು ಸಾಲು. ಎಳೆದು ಹೇಳಿದ್ರೆ ಎರಡು ಅಂತಾನೂ ಅನ್ನಬಹುದು."

"ಹೆಸರು ಬರುತ್ತಾ?"

"ಬರುತ್ತಂತೆ."

"ಹಾಗಾದ್ರೆ ನೋಡ್ತೀನಿ."

ಆ ಒಂದು 'ನೋಡ್ತೀನಿ'ಗಾಗಿ ಚೀರಕ್ಕ ಎಷ್ಟು ವರ್ಷದಿಂದ ಕಾದಿದ್ದಳೋ! ಮಾರನೆಯ ದಿನದಿಂದ ಮೇಲಿನ ಮನೆಯಲ್ಲಿ ಸದ್ದೇ ಇಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಬರೀ ತುಟಿ ಆಡಿಸುತ್ತಾಳೆ. ವಾರವಾಗುವಷ್ಟರಲ್ಲಿ ಕೆಳಮನೆಯ ಅಜ್ಜಿ ತಡೆಯಲಾರದೆ ಮೆಟ್ಟಿಲು ಹತ್ತಿ ಬಂದಳು. "ಏನೇ ನಿಂಗೆ, ಮೈ ಹುಷಾರಿಲ್ವಾ? ವಾರದಿಂದ ಈ ಮನೇಲಿ ಒಂದು ಕೊಲೆನೂ ಆಗಿಲ್ಲ. ಬಿಕೋ ಅನ್ಸುತ್ತೆ ಕಣೇ."

ಮುದ್ರಣದ ದಿನ ಅವಳು ಮೈಕಿಗೆ ಬೆನ್ನು ತಿರುಗಿಸಿ ನಿಂತಳು.

"ಇದೇನಮ್ಮ, ಗೋಡೆಗೆ ಮಾತಾಡ್ತೀಯಾ?" ಎಂದ ಕಿವಿಯಣ್ಣ.

"ಅಮ್ಮಂದಿರು ಮುಖ ನೋಡ್ಕೊಂಡು ಎಲ್ಲಿ ಕರೀತಾರೆ ಅಣ್ಣ? ಒಲೆ ಮುಂದೆ ನಿಂತಿರ್ತಾರೆ, ಕೈಲಿ ಕೆಲಸ ಇರುತ್ತೆ."

ಬಲಗೈಯನ್ನು ಗಾಳಿಯಲ್ಲಿ ಮೆಲ್ಲಗೆ ತಿರುವುತ್ತಾ, ಹೆಗಲ ಮೇಲಿಂದ ಕರೆದಳು. "ಬಾರೋ ಮಗಾ. ಎಷ್ಟು ಹೊತ್ತು ಅಂತ ಕಾಯ್ಲಿ? ತಣ್ಣಗಾಗ್ತಾ ಇದೆ."

ಇಷ್ಟೇ. ದನಿ ಏರಿಸಲಿಲ್ಲ, ನಡುಗಿಸಲಿಲ್ಲ. ಸಿಟ್ಟಿನ ಒಂದು ಎಳೆ, ಆಯಾಸದ ಒಂದು ಎಳೆ, ಉಳಿದದ್ದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಗಾಜಿನಾಚೆ ನಿರ್ದೇಶಕ ಕುರ್ಚಿ ಬಿಟ್ಟು ಎದ್ದಿದ್ದ. ತಾನು ಎದ್ದದ್ದು ಅವನಿಗೇ ಗೊತ್ತಿಲ್ಲ. ದೀಪದ ಕೆಲಸದವನು ಕೈಯಲ್ಲಿದ್ದ ತಂತಿ ಕೆಳಗಿಟ್ಟು ಬಾಗಿಲ ತನಕ ನಡೆದುಹೋಗಿದ್ದ. ಕಿವಿಯಣ್ಣನ ಬಾಯಿಂದ "ಬಂದೆ" ಎಂದು ಹೊರಟೇ ಹೋಯಿತು. ಅವನ ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೀತ್ಕಾರ ಇನ್ನೂ ಬಾಕಿಯಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ನೆನಪಾದಾಗ ನಿರ್ದೇಶಕನೇ, "ಬೇಡ ಬಿಡಮ್ಮ," ಎಂದ.

ಪ್ರಸಾರಕ್ಕೆ ಮುಂಚೆ ಪ್ರತಿ ಕಂತನ್ನೂ ಟೀವಿ ಕೇಂದ್ರದ ಹಿರಿಯರು ಕೂತು ನೋಡಬೇಕು. ಅವರಲ್ಲಿ ದೊಡ್ಡ ಅಧಿಕಾರಿಗೆ ಎಂಥ ಭೂತದ ಕಥೆ ಹಾಕಿದರೂ ಗೊರಕೆ ಹೊಡೆಯುವ ಅಭ್ಯಾಸ. ಆವತ್ತೂ ನಿದ್ದೆಯಲ್ಲೇ ಇದ್ದರು. ಅಲ್ಲಿಯತನಕ ಮಗನ ಕಿವಿಗಷ್ಟೇ ಬೀಳುತ್ತಿದ್ದ ಆ ಕರೆ ಕಡೆಯ ದೃಶ್ಯದಲ್ಲಿ ನೋಡುವವರಿಗೂ ಕೇಳಿಸಿತು. ಅಧಿಕಾರಿ ಎದ್ದರು. ಅಂಗಿ ಸರಿಮಾಡಿಕೊಂಡರು. ನೇರ ಟೀವಿಯ ಬಳಿಗೆ ಹೋಗಿ, ಗಾಜಿನ ಮೇಲೆ ಅಂಗೈಯಿಟ್ಟು, ಚಿಕ್ಕ ಹುಡುಗನ ದನಿಯಲ್ಲಿ "ಕೈ ತೊಳ್ಕೊಂಡು ಬಂದೆ" ಎಂದರು. ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದರು.

ಆ ಕಂತಿನಲ್ಲಿ ರಕ್ತವಿರಲಿಲ್ಲ, ದೆವ್ವವಿರಲಿಲ್ಲ, ಕತ್ತರಿಸಿ ತೆಗೆಯಲು ಏನೂ ಇರಲಿಲ್ಲ. ದೊಡ್ಡ ಅಧಿಕಾರಿ ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು. "ಇದನ್ನ ಮನೆಮನೆಗೆ ಕಳಿಸೋಕಾಗಲ್ಲ ಕಣ್ರಯ್ಯಾ. ತಾಯಿ ಕಳ್ಕೊಂಡವರು ಎಷ್ಟು ಮನೇಲಿದಾರೋ. ಅವರೆಲ್ಲ ಎದ್ದು ಬಾಗಿಲು ತೆಗೆಯೋಕೆ ಹೋದ್ರೆ ಯಾರು ಹೊಣೆ? ಕರೆ ತೆಗೆದುಹಾಕಿ. ಆ ಜಾಗದಲ್ಲಿ ಒಂದು ಒಳ್ಳೇ ಕಿರುಚಾಟ ಹಾಕಿ. ಜನ ಹೆದರ್ತಾರೆ, ನಿದ್ದೆ ಮಾಡ್ತಾರೆ."

ಚೀರಕ್ಕನಿಗೆ ಹೇಳಿ ಕಳಿಸಿದರು. ಬಂದು, ಚಪ್ಪಲಿ ಬಿಟ್ಟು, ಮೈಕಿನ ಮುಂದೆ ನಿಂತಳು. ಚೀರಿದರೆ ಕಂತು ಬರುತ್ತದೆ, ಹೆಸರು ಬರುತ್ತದೆ, ಮಗಳು ಪಕ್ಕದಲ್ಲಿ ಕೂತು ನೋಡುತ್ತಾಳೆ. ಉಸಿರು ಎಳೆದುಕೊಂಡಳು. ಎಷ್ಟೋ ಹೊತ್ತು ಹಾಗೇ ಹಿಡಿದಿದ್ದು ಬಿಟ್ಟುಬಿಟ್ಟಳು.

"ಆಗಲ್ಲ ಸಾರ್."

"ಯಾಕಮ್ಮ, ಗಂಟಲು ಕಟ್ಟಿದ್ಯಾ?"

"ಗಂಟಲೇನೋ ಚೆನ್ನಾಗಿದೆ. ಅವಳು ಮಗನ್ನ ಊಟಕ್ಕೆ ಕರೀತಿದಾಳೆ ಸಾರ್. ಅವಳ ಬಾಯಲ್ಲಿ ಚೀರಾಟ ಇಲ್ಲ. ಇಲ್ಲದ್ದನ್ನ ಎಲ್ಲಿಂದ ತರ್ಲಿ?"

ನಿರ್ದೇಶಕ ಬೇಡಿಕೊಂಡ, ಸಿಡುಕಿದ, ಕೊನೆಗೆ ಕೈಬಿಟ್ಟ. ಬೇರೆಯವಳಿಂದ ಚೀರಿಸುವ ಮನಸ್ಸು ಅವನಿಗೂ ಬರಲಿಲ್ಲ. ಕಂತು ಬೀರು ಸೇರಿತು.

ಇದನ್ನು ಮನೆಯಲ್ಲಿ ಹೇಳುವ ಧೈರ್ಯ ಅವಳಿಗಾಗಲಿಲ್ಲ. ಪ್ರಸಾರದ ದಿನ ಮಗಳು ಇಬ್ಬರು ಗೆಳತಿಯರನ್ನು ಕರೆದುಕೊಂಡೇ ಬಂದಿದ್ದಳು. ವಠಾರದವರೂ ಬಾಗಿಲ ತನಕ ತುಂಬಿದ್ದರು. ಟೀವಿ ಹಾಕಿದರೆ ಯಾವುದೋ ಹಳೆಯ ಕಂತು. ಗೆಳತಿಯರು ಕಿಸಕ್ಕೆಂದು ನಕ್ಕು ಎದ್ದು ಹೋದರು. ಎಲ್ಲರೂ ಹೋದ ಮೇಲೆ ಚೀರಕ್ಕ ನಡೆದದ್ದು ಹೇಳಿದಳು.

"ಅಂದ್ರೆ ನೀನು ಒಂದೇ ಒಂದು ಸಲ ಕಿರುಚಿದ್ರೆ ಬರ್ತಿತ್ತು?" ಎಂದಳು ಮಗಳು. "ಜನ್ಮವೆಲ್ಲ ಕಿರುಚಿದೀಯ. ನನಗೋಸ್ಕರ ಇನ್ನೊಂದು ಸಲ ಕಿರುಚಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅದು ಹಾಗಲ್ಲ ಕಣೇ..."

"ಹೋಗ್ಲಿ, ಅದೇನು ಅಂಥದ್ದು ಅಂದೆ? ಇಲ್ಲೇ ಒಂದ್ಸಲ ಅನ್ನು, ಕೇಳೋಣ."

"ಸತ್ತೋಳ ಕರೆ ಅದು. ಹೆತ್ತ ಮಗಳನ್ನ ಆ ದನೀಲಿ ಕರೀಲಾ?"

ಮಗಳು ಮಾತು ಬಿಟ್ಟಳು. ತಟ್ಟೆಗೆ ಬಡಿಸಿದರೆ ತಿನ್ನುತ್ತಾಳೆ, ಕೇಳಿದರೆ 'ಹೂಂ' ಅನ್ನುತ್ತಾಳೆ, ಅಷ್ಟೇ. ಆಮೇಲೊಂದು ದಿನ ಶಾಲೆ ಬಿಟ್ಟವಳು ಮನೆಗೆ ಬರದೆ ನೇರ ಸ್ಟುಡಿಯೋಗೆ ಹೋದಳು, ಆ ನಿರ್ದೇಶಕನಿಗೆ ನಾಲ್ಕು ಮಾತು ಹೇಳಿಯೇ ಬರಬೇಕೆಂದು. ಅವನಿರಲಿಲ್ಲ. ಕಿವಿಯಣ್ಣನಿದ್ದ.

"ಚೀರಕ್ಕನ ಮಗಳಾ? ಬೈಯೋದಿದ್ರೆ ಆಮೇಲೆ ಬೈಯುವಿಯಂತೆ. ಮೊದಲು ಕೇಳು. ಈ ಟೇಪಿನ ಮೇಲೆ ಬೇರೆ ಕಂತು ಮುದ್ರಿಸ್ತಾರಂತೆ, ಆಮೇಲೆ ಇದು ಯಾರಿಗೂ ಸಿಗಲ್ಲ." ಕೂರಿಸಿ, ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ಯಂತ್ರ ತಿರುಗಿಸಿದ.

ಮುಂದಿನದನ್ನು ಕಿವಿಯಣ್ಣ ಸಾಯುವ ತನಕ ಎಲ್ಲರಿಗೂ ಹೇಳುತ್ತಿದ್ದ. ಹುಡುಗಿ ಅಳಲಿಲ್ಲ, ಬೆಚ್ಚಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು, ಚೀಲ ಹೆಗಲಿಗೇರಿಸಿದಳು, ಹೊರಟೇಬಿಟ್ಟಳು. "ಇರಮ್ಮ, ಪೂರ್ತಿ ಕಥೆ ನೋಡಲ್ವಾ?" ಎಂದು ಅವನು ಕೂಗಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಬಸ್ಸಿಗೂ ಕಾಯದೆ ಓಡಿ ಬಂದಿದ್ದಳು. ಚೀರಕ್ಕ ಒಲೆಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಆ ಬೆನ್ನನ್ನು ನೋಡುತ್ತಾ ಮಗಳು ಹೊಸ್ತಿಲಲ್ಲೇ ನಿಂತಳು. ಬೆವರಿನಲ್ಲಿ ಅಂಟಿದ ರವಿಕೆ, ಒಗ್ಗರಣೆಯ ಹೊಗೆಗೆ ವಾಲಿದ ತಲೆ. ಜೀವ ಇದ್ದ ಬೆನ್ನು.

ಸದ್ದಿಗೆ ಚೀರಕ್ಕ ತಿರುಗಿದಳು. "ಏನೇ ಇದು ಏದುಸಿರು? ಯಾರು ಅಟ್ಟಿಸ್ಕೊಂಡು ಬಂದ್ರು?"

"ನೀನೇ."

"ನಾನಾ?"

"ಕರೆದೆಯಲ್ಲ."

ಚೀರಕ್ಕನಿಗೆ ಅರ್ಥವಾಯಿತು. ತಟ್ಟೆ ಇಟ್ಟಳು. ಮಗಳು ಎರಡು ಸಲ ಹಾಕಿಸಿಕೊಂಡು ಉಂಡಳು.

ಮಾರನೆಯ ದಿನ ಶಾಲೆಯಲ್ಲಿ ಅವಳು ಏನು ಹೇಳಿದಳೋ ಗೊತ್ತಿಲ್ಲ. ಚಿವುಟುವವರಂತೂ ನಿಂತರು. ಇತ್ತ ಆ ಒಂದು 'ಆಗಲ್ಲ'ದಿಂದ ಚೀರಕ್ಕನಿಗೆ ಸ್ಟುಡಿಯೋದ ಕೆಲಸ ಮೆಲ್ಲಮೆಲ್ಲಗೆ ಕಡಿಮೆಯಾಯಿತು. ಕಿವಿಯಣ್ಣನೇ ಯಾರನ್ನೋ ಹಿಡಿದು ಬಸ್ ನಿಲ್ದಾಣದಲ್ಲಿ ಬಸ್ಸು ಕೂಗಿ ಹೇಳುವ ಕೆಲಸ ಕೊಡಿಸಿದ. ಬೆಂಚಿನ ಮೇಲೆ ಗಾಢ ನಿದ್ದೆಯಲ್ಲಿದ್ದವರು ಅವಳ ದನಿಗೆ ಎದ್ದು, ಗಂಟುಮೂಟೆ ಎತ್ತಿಕೊಂಡು, ತಪ್ಪದೆ ತಮ್ಮ ಬಸ್ಸೇ ಹತ್ತುತ್ತಿದ್ದರು. ಅವಳ ಕಾಲದಲ್ಲಿ ಆ ನಿಲ್ದಾಣದಲ್ಲಿ ಬಸ್ಸು ತಪ್ಪಿಸಿಕೊಂಡವರೇ ಇಲ್ಲವೆಂದು ಕಂಡಕ್ಟರುಗಳು ಈಗಲೂ ಆಣೆ ಹಾಕುತ್ತಾರೆ.

ವರ್ಷಗಳು ಕಳೆದು ಚೀರಕ್ಕನ ಮಂಡಿ ಸೋತು, ಮಹಡಿ ಹತ್ತುವುದು ಕಷ್ಟವಾದಾಗ, ಬೇರೆ ಊರಿನಲ್ಲಿ ಕೆಲಸಕ್ಕಿದ್ದ ಮಗಳು ಕರೆದೊಯ್ಯಲು ಬಂದಳು. ಸಾಮಾನೆಲ್ಲ ಗಾಡಿಗೇರಿತು. ಮಗಳು ಕೆಳಗೆ ಗಾಡಿಯ ಬಳಿ ನಿಂತಿದ್ದಳು. ಅಮ್ಮ ಮೇಲೆ ಖಾಲಿ ಅಡುಗೆಮನೆಯಲ್ಲಿ ನಿಂತೇ ಇದ್ದಳು.

"ಒಂದು ಕೂಗು ಹಾಕಿ ಮೇಡಂ, ಲೇಟಾಗ್ತಿದೆ," ಎಂದ ಡ್ರೈವರು.

ಮಗಳು ತಲೆಯೆತ್ತಿ ಕಿಟಕಿ ನೋಡಿದಳು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. "ಬೇಡ. ಕರೆದ್ರೆ ಬಿಟ್ಟು ಬರಲೇಬೇಕಾಗುತ್ತೆ. ಅವಳಾಗೇ ಬರ್ಲಿ," ಎಂದಳು.

ಚೀರಕ್ಕ ಬಂದಳು. ಬಾಗಿಲು ಎಳೆದುಕೊಂಡಳು. ಗೋಡೆಗೆ ಕೈಯಾನಿಸುತ್ತಾ, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಾ ಇಳಿದಳು. ವಠಾರವೆಲ್ಲ ಮಾತು ನಿಲ್ಲಿಸಿ ಆ ಉಸಿರನ್ನೇ ಕೇಳುತ್ತಿತ್ತು.