ಶಾಂತಕುಮಾರಿಯ ಕಿರುಬೆರಳು

ಶಾಂತಕುಮಾರಿ ನನ್ನ ಅಂಗಡಿಗೆ ಬಂದರೆ ಕುರ್ಚಿಗೆ ಕೆಲಸವಿರುವುದಿಲ್ಲ. ಕೂರು ಎಂದರೆ ನಿಲ್ಲುತ್ತಾಳೆ, ನಿಂತವಳು ಬಾಗಿಲಿಗೆ ಹೋಗುತ್ತಾಳೆ, ಬಾಗಿಲಿನಿಂದ ಮತ್ತೆ ಟೇಬಲ್ಲಿಗೆ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ನನ್ನದು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ನಮ್ಮಪ್ಪ ರಹಿಮಾನ್ ಸಾಬ್ ರೇಡಿಯೊ ಬಿಚ್ಚುತ್ತಿದ್ದ ಟೇಬಲ್ಲಿನ ಮೇಲೆಯೇ ನಾನೀಗ ಲ್ಯಾಪ್‌ಟಾಪ್ ಬಿಚ್ಚುತ್ತೇನೆ. ಸಣ್ಣ ಸ್ಕ್ರೂ ಹಿಡಿದಿರುವಾಗ ಎದುರಿಗೆ ಯಾರಾದರೂ ಹೀಗೆ ಓಡಾಡಿದರೆ ನನಗೆ ತಲೆ ಕೆಡುತ್ತದೆ. ಬೇರೆಯವರಾಗಿದ್ದರೆ ಹೊರಗೆ ನಿಲ್ಲಿ ಎನ್ನುತ್ತಿದ್ದೆ. ಇವಳಿಗೆ ಹಾಗೆನ್ನಲು ಬಾಯಿ ಬರುವುದಿಲ್ಲ.

ಅವಳು ಮೊದಲು ಹೀಗಿರಲಿಲ್ಲ. ಊರಿನ ಒಂದು ಟೈಪಿಂಗ್ ಅಂಗಡಿಯಲ್ಲಿ ಬೆಳಿಗ್ಗೆ ಕೂತರೆ ಏಳುತ್ತಿದ್ದದ್ದು ಊಟಕ್ಕೇ. ಮುಖ ರಸ್ತೆಯ ಕಡೆ, ಮಾತು ಗಿರಾಕಿಯ ಜೊತೆ, ಬೆರಳುಗಳು ಮಾತ್ರ ತಮ್ಮ ಪಾಡಿಗೆ ಓಡುತ್ತಿದ್ದವು. ಕರಾರುಪತ್ರವಿರಲಿ, ಮದುವೆ ಕಾರ್ಡಿರಲಿ, ತಪ್ಪಿಗಾಗಿ ಎರಡನೇ ಸಲ ನೋಡಬೇಕಾಗಿರಲಿಲ್ಲ. ಅವಳ ತಾಯಿ ಹಂಪಕ್ಕ ಸುಗ್ಗಿಯಲ್ಲಿ ಮೆಕ್ಕೆಜೋಳದ ಕಣಕ್ಕೆ ಕೂಲಿ ಹೋಗುವ ಹೆಂಗಸು. ಹೋದ ಸುಗ್ಗಿಯಲ್ಲಿ ಹಂಪಕ್ಕನಿಗೆ ಜ್ವರ ಬಂತು. ಒಂದು ದಿನದ ಮಟ್ಟಿಗೆ ಎಂದು ಅವ್ವನ ಬದಲು ಮಗಳು ಹೋದಳು. ತೆನೆ ಬಿಡಿಸುವ ಮಷಿನ್ನಿನ ಬೆಲ್ಟಿಗೆ ಎಡಗೈ ಕಿರುಬೆರಳು ಸಿಕ್ಕಿತು.

ದಾವಣಗೆರೆಗೆ ಹೊತ್ತುಕೊಂಡು ಹೋಗಿ ಹೊಲಿಸಿದರು. ಬೆರಳು ಉಳಿಯಿತು, ಬಾಗುತ್ತದೆ, ಏಳುತ್ತದೆ. ಆದರೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಅಂದಿನಿಂದ ಅವಳು ಆ ಬೆರಳನ್ನು ವೇಲಿನ ತುದಿಯಲ್ಲಿ ಸುತ್ತಿಕೊಂಡೇ ಇರುತ್ತಾಳೆ. ಯಾರಿಗೂ ಮುಟ್ಟಗೊಡುವುದಿಲ್ಲ, ಹೆತ್ತ ತಾಯಿಗೂ. ಟೈಪಿಂಗ್ ಅಂಗಡಿಯವರು ಅಷ್ಟರಲ್ಲಿ ಬೇರೊಬ್ಬರನ್ನು ಇಟ್ಟುಕೊಂಡಿದ್ದರು. ಇವಳು ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಕೈ ಪಳಗಿಸಿಕೊಳ್ಳಲು ಕೂತಳು.

ಕೆಲವು ವಾರ ಕಳೆದ ಮೇಲೆ ಅದನ್ನು ಹೊತ್ತುಕೊಂಡು ನನ್ನಲ್ಲಿಗೆ ಬಂದಳು.

"ಮೆಹನಾಜಕ್ಕ, ಈ ಕೀಬೋರ್ಡ್ ಒಂಚೂರು ನೋಡು. ಈ ಎ ಕೀ ಒಮ್ಮೆ ಒತ್ತಿದ್ರ ಬರಂಗೇ ಇಲ್ಲ, ಒಮ್ಮೆ ಬಂತಂದ್ರ ಸಾಲು ಹಿಡಿದು ಬರ್ತೈತಿ."

ಎ ಎಂದರೆ ಎಡಗೈ ಕಿರುಬೆರಳಿನ ಪಾಲಿಗೆ ಬರುವ ಕೀ. ಅದು ನನಗೆ ಆಗಲೇ ಹೊಳೆಯಿತು. ಆಫ್ ಮಾಡಿ ಆನ್ ಮಾಡಿದೆ. ಸೆಟ್ಟಿಂಗ್ ನೋಡಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಆಮೇಲೆ ನಾನೇ ಒತ್ತಿದೆ. ಒತ್ತಿದಷ್ಟು ಸಲವೂ ಬಂತು.

"ಬರ್ತೈತಲ್ಲೇ, ಚಲೋನ ಐತಿ" ಎಂದೆ.

ಅವಳ ಮುಖ ಇಳಿದುಹೋಯಿತು. "ಹಂಗಾರ ನನ್ ಬೆರಳಾ ಕೆಟ್ಟೈತಿ ಬಿಡು. ಒತ್ತೀನೋ ಇಲ್ಲೋ, ಎತ್ತೀನೋ ಇಲ್ಲೋ, ಅದಕ್ಕೇನು ತಿಳೀತೈತಿ?"

ಇಂಥದ್ದಕ್ಕೆ ಸುಲಭದ ಪರೀಕ್ಷೆಯಿದೆ. ಹೊರಗಿನ ಕೀಬೋರ್ಡೊಂದನ್ನು ವೈರಿನಿಂದ ಸಿಕ್ಕಿಸಿ ಅದರಲ್ಲಿ ಟೈಪ್ ಮಾಡಬೇಕು. ಅಲ್ಲಿ ಸರಿ ಬಂದರೆ ಲ್ಯಾಪ್‌ಟಾಪಿನದ್ದೇ ದೋಷ. ನಾನು ಮೂಲೆಯಲ್ಲಿದ್ದ ಕೀಬೋರ್ಡಿಗೆ ಕೈ ಹಾಕುವಷ್ಟರಲ್ಲಿ ಅವಳು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ತುರುಕಿದ್ದಳು. "ಈಗ ಬ್ಯಾಡಕ್ಕ" ಎಂದವಳು ಹೋಗಿಯೇಬಿಟ್ಟಳು. ಮತ್ತೆ ಬಂದಳು, ಮತ್ತೆ ಅದೇ ದೂರು, ವೈರು ಕಂಡರೆ ಮತ್ತೆ ಅದೇ ಓಟ. ಕೀಬೋರ್ಡ್ ಕೆಟ್ಟಿದ್ದರೆ ಬೇರೆ ಹಾಕಬಹುದು, ಬೆರಳು ಕೆಟ್ಟಿದ್ದರೆ? ಉತ್ತರ ತಿಳಿಯುವುದಕ್ಕಿಂತ ಒದ್ದಾಡುವುದೇ ಅವಳಿಗೆ ಸುಲಭವಾಗಿತ್ತು. ನನಗೋ ಸಿಟ್ಟು, ಅದರ ಬೆನ್ನಿಗೇ ಸಂಕಟ.

ಹೀಗಿರುವಾಗ ಹರಪನಹಳ್ಳಿಯ ವಕೀಲ ಗುರುಸಂಗಪ್ಪನವರು ತಮ್ಮ ಆಫೀಸಿಗೆ ಟೈಪಿಸ್ಟ್ ಬೇಕೆಂದು ಶಾಂತಕುಮಾರಿಗೆ ಹೇಳಿಕಳಿಸಿದರು. ಸೋಮವಾರ ಬಂದು ಎದುರಿಗೆ ಕೂತು ಟೈಪ್ ಮಾಡಿ ತೋರಿಸಬೇಕು. ಶನಿವಾರ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ನನ್ನ ಅಂಗಡಿಗೆ ಬಂದರು. ಹಂಪಕ್ಕ ಬಂದವಳೇ ಕುರ್ಚಿಯನ್ನು ಬಿಟ್ಟು ನೆಲಕ್ಕೆ ಕೂತಳು. ಮಗಳು ಬಾಗಿಲಿಗೂ ಟೇಬಲ್ಲಿಗೂ ತಿರುಗತೊಡಗಿದಳು.

"ನಾನು ಹೋಗಂಗಿಲ್ಲಕ್ಕ. ಅವ್ವಗ ನೀನಾ ಹೇಳು."

"ಅವರ ಆಫೀಸಿನಾಗ ಬ್ಯಾರೆ ಕಂಪ್ಯೂಟರ್ ಐತಿ. ಈ ಲ್ಯಾಪ್‌ಟಾಪಿಗೂ ಅದಕ್ಕೂ ಏನು ಸಂಬಂಧ?" ಎಂದೆ.

"ಕಂಪ್ಯೂಟರ್ ಅವರದ್ದು ಸೈ. ಬೆರಳು ನಂದಾ ತಗಂಡು ಹೋಗಬೇಕಲ್ಲ?"

ಅಷ್ಟಕ್ಕೆ ನನ್ನ ತಾಳ್ಮೆ ಮುಗಿಯಿತು. ಎದ್ದು ಬಾಗಿಲು ಮುಂದೆ ಮಾಡಿದೆ. ಅವಳ ಲ್ಯಾಪ್‌ಟಾಪಿಗೆ ವೈರಿನ ಕೀಬೋರ್ಡನ್ನು ಸಿಕ್ಕಿಸಿ ಅವಳ ಮುಂದೆ ತಳ್ಳಿದೆ. "ಇವತ್ತು ಇದು ತೀರಬೇಕು. ಹೊಡಿ" ಎಂದೆ.

ಅವಳು ಹಂಪಕ್ಕನ ಕಡೆ ನೋಡಿದಳು. ಹಂಪಕ್ಕ ನೆಲ ನೋಡುತ್ತಿದ್ದಳು. ವೇಲಿನಿಂದ ಬೆರಳು ಹೊರಬಂತು. ಮೊದಲ ಸಲ ನಾನದನ್ನು ಸರಿಯಾಗಿ ಕಂಡದ್ದು ಆಗಲೇ. ಹೊಲಿಗೆಯ ಗುರುತು ಉಗುರಿನ ತನಕ ಹೋಗಿತ್ತು. ನಿಂತುಕೊಂಡೇ ಒತ್ತಿದಳು. ಬಂತು. ಇನ್ನೊಮ್ಮೆ ಒತ್ತಿದಳು, ಬಂತು. ತನ್ನ ಹೆಸರು, ಅವ್ವನ ಹೆಸರು, ಹಳೆಯ ಕರಾರುಪತ್ರದ ಆರಂಭ, ಎಲ್ಲ ಹೊಡೆದಳು. ಮೊದಲಿನ ವೇಗವಿರಲಿಲ್ಲ. ಆ ಬೆರಳಿಗೆ ಕಣ್ಣಿನ ಕಾವಲು ಬೇಕಾಗುತ್ತಿತ್ತು. ಆದರೆ ಒಂದಕ್ಷರವೂ ತಪ್ಪಲಿಲ್ಲ, ಒಂದೂ ಸಾಲು ಹಿಡಿಯಲಿಲ್ಲ.

"ಸೋಮವಾರ ಹರಪನಹಳ್ಳಿಗೆ ಮುಂಜಾನಿ ಬಸ್ಸು ಎಷ್ಟಕ್ಕೈತಕ್ಕ?" ಎಂದು ಕೇಳಿದಳು, ಪರದೆಯಿಂದ ಕಣ್ಣು ತೆಗೆಯದೆ.

ಇನ್ನು ಲ್ಯಾಪ್‌ಟಾಪಿನ ಸರದಿ. ಸಣ್ಣ ಚಿಮಟ ಹಾಕಿ ಎ ಕೀಯ ಮುಚ್ಚಳ ಎಬ್ಬಿಸಿದೆ. ಕೆಳಗೆ ಬೆಲ್ಲದ ಪಾಕ ಕೂತ ಹಾಗೆ ಕಂದು ಅಂಟು, ಅದಕ್ಕೆ ಮೆತ್ತಿದ ಬಿಳಿ ಪುಡಿ, ಸತ್ತ ಇರುವೆಗಳು. ಹಸಿಯಾದಾಗ ಕೀ ಹಿಡಿದುಕೊಂಡಿದೆ, ಒಣಗಿದಾಗ ಬಿಟ್ಟಿದೆ. ನನ್ನ ಕೈಗೆ ಆವತ್ತು ಸರಿ ಬಂದದ್ದು ಅದಕ್ಕೇ. ಪಕ್ಕದ ಕೀಗಳನ್ನು ಎಬ್ಬಿಸಿದೆ, ಅಲ್ಲೆಲ್ಲ ಬರೀ ಧೂಳು. ಚಹಾ ಚೆಲ್ಲಿದರೆ ಹೀಗೆ ಒಂದೇ ಕೀಗೆ ಬೀಳುವುದಿಲ್ಲ.

"ಇದೊಂದಕ್ಕಾ ಯಾರು ಏನು ಹಾಕೀರಿ?" ಎಂದೆ.

"ನಾನಾ" ಎಂದಳು ಹಂಪಕ್ಕ.

ಮಗಳ ಕೈ ಕೀಬೋರ್ಡಿನ ಮೇಲೆ ನಿಂತುಹೋಯಿತು.

"ಸೋಮಾರ ಸೋಮಾರ ಕಾಯಿ ಒಡೀತೀನಲ್ಲವ್ವಾ, ಆ ಕಾಯಿನೀರು. ಅಮಾಸಿಗೆ ಉಜ್ಜಿನಿ ಗುಡಿಗೆ ಹೋದಾಗ ತಂದ, ಹಣಿಗೆ ಹಚ್ಚೋ ಈಬತ್ತಿ. ನನ್ ಬದ್ಲಿ ಹೋಗಿ ಬೆರಳು ಹಾಳು ಮಾಡಿಕೆಂಡು ಬಂದಾಳ. ಹಚ್ಚೋಣಂದ್ರ ಮುಟ್ಟಗೊಡಂಗಿಲ್ಲ. ನಾನೆಲ್ಲಿ ಹಚ್ಚಲಿ? ಆ ಬೆರಳು ಒತ್ತೋ ಗುಂಡಿ ಯಾವುದವ್ವಾ ಅಂತ ಒಂದಿನ ಕೇಳಿದ್ನಿ. ಇದು ಅಂತ ತೋರಿಸಿದ್ಲು. ಆಕಿ ಜಳಕಕ್ಕ ಹೋದಾಗ ಅದರ ಮ್ಯಾಲ ಹಾಕ್ತಿದ್ನಿ."

ನಾನಾಗಿದ್ದರೆ ಅಂಗಡಿಯ ತಗಡು ಹಾರುವ ಹಾಗೆ ಕೂಗಾಡುತ್ತಿದ್ದೆ. ಇಷ್ಟು ವಾರ ಬೆರಳು ಸತ್ತಿದೆ ಎಂದು ಇವಳು ನಿದ್ದೆಗೆಟ್ಟದ್ದು ಈ ಅವ್ವನ ಭಕ್ತಿಯಿಂದ. ಶಾಂತಕುಮಾರಿ ಕೂಗಲಿಲ್ಲ. ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ನನ್ನ ಅಂಗಡಿಯಲ್ಲಿ ಅವಳು ಕೂತದ್ದನ್ನು ನಾನು ಕಂಡಿರಲಿಲ್ಲ. ವೇಲನ್ನು ಪೂರ್ತಿ ಬಿಚ್ಚಿ ಎಡಗೈಯನ್ನು ಅವ್ವನ ಮಡಿಲಿಗಿಟ್ಟಳು.

"ಇನ್ನ ಮ್ಯಾಲ ಇದಕ್ಕಾ ಹಚ್ಚು."

ಹಂಪಕ್ಕ ಸೆರಗಿನಿಂದ ತನ್ನ ಕೈ ಒರೆಸಿಕೊಂಡು, ಆ ಬೆರಳನ್ನು ಮೆಲ್ಲಗೆ ಮುಷ್ಟಿಯೊಳಗೆ ತೆಗೆದುಕೊಂಡಳು.

"ತಿಳೀತೈತೇನವ್ವಾ?"

"ಇಲ್ಲವ್ವಾ. ಆದ್ರೂ ಹಿಡಕ."