ಹಗ್ಗದ ತುದಿಗೆ ಕಟ್ಟಿದ ಸೂಗಪ್ಪ

ಪಾದ್ರಿ ಸಾಲೆಯ ಚಪರಾಸಿ ಸೂಗಪ್ಪನಿಗೆ ಎಷ್ಟು ವಯಸ್ಸು ಎಂಬುದು ಅವನಿಗೂ ಗೊತ್ತಿರಲಿಲ್ಲ, ಸರ್ಕಾರಕ್ಕೂ ಗೊತ್ತಿರಲಿಲ್ಲ. ದಣಿವನ್ನು ಅಳೆದು ಹೇಳುವುದಾದರೆ ಇನ್ನೂರ ಹನ್ನೊಂದಾದರೂ ಆಗಿತ್ತು. ಅವನ ನೌಕರಿಯ ಕಾಗದಗಳಿದ್ದ ಗಂಟು ನಲವತ್ತೆಂಟನೆಯ ಇಸವಿಯ ರಜಾಕಾರರ ಗದ್ದಲದಲ್ಲಿ ಎಲ್ಲಿಗೋ ಹೋಯಿತು. ಎರಡು ವರ್ಷದ ಮೇಲೆ ಶಾಲೆಯ ಮುಖ್ಯಸ್ಥರಾದ ದೊಡ್ಡ ಫಾದರು ಹೊಸ ದಫ್ತರ ಬರೆಯಲು ಕುಳಿತು ಅವನನ್ನು ಕರೆದರು.

“ಸೂಗಪ್ಪಾ, ನೀ ಹುಟ್ಟಿದ್ದು ಯಾವಾಗೋ?”

“ನಮ್ಮವ್ವಗ ಗೊತ್ತಿತ್ರಿ. ಆಕಿ ಸತ್ತು ಹೋದಳ್ರಿ.”

“ಅಂದಾಜರೆ ಹೇಳೋ ಮಾರಾಯಾ.”

“ದೊಡ್ಡ ಪ್ಲೇಗ್ ಬಂದಾಗ ನಾ ಎಮ್ಮಿ ಮ್ಯಾಲ ಕುಂತು ಹೊಲಕ್ಕ ಹೋಗ್ತಿದ್ನಿರಿ. ಎಮ್ಮಿಗಿ ಭಾಳ ವಯಸ್ಸಾಗಿತ್ರಿ.”

ದೊಡ್ಡ ಫಾದರು ಇಟಲಿಯಿಂದ ಬಂದವರು. ಕನ್ನಡವನ್ನು ಸೂಗಪ್ಪನ ಬಾಯಿಂದಲೇ ಕಲಿತಿದ್ದರಿಂದ ಲ್ಯಾಟಿನ್ನಿನಲ್ಲಿ ಪ್ರಾರ್ಥಿಸಿ ಅವನ ಊರಾದ ಭಂಕೂರದ ಮಾತಿನಲ್ಲಿ ಬೈಯುತ್ತಿದ್ದರು. ಎಮ್ಮೆಯನ್ನು ಆಧಾರವಾಗಿಟ್ಟು ಅವರು ಮಾಡಿದ ಗಣಿತದಲ್ಲಿ ಸೂಗಪ್ಪನಿಗೆ ಒಮ್ಮೆ ನಲವತ್ತೊಂಬತ್ತಾಯಿತು, ಇನ್ನೊಮ್ಮೆ ಅರವತ್ತಮೂರಾಯಿತು. ಐವತ್ತೈದಕ್ಕೆ ನಿವೃತ್ತಿ ಎಂಬುದು ಶಾಲೆಯ ನಿಯಮ. ಕೊನೆಗೆ ಫಾದರು ಲೇಖನಿ ಕೆಳಗಿಟ್ಟು ನಗುತ್ತ ಒಂದು ತೀರ್ಪು ಕೊಟ್ಟರು. ಶಾಲೆಯ ಪೋಷಕ ಸಂತನ ಹಬ್ಬದ ಹಗ್ಗಜಗ್ಗಾಟದಲ್ಲಿ ಹುಡುಗರು ಯಾವ ವರ್ಷ ಸೂಗಪ್ಪನನ್ನು ಗೆರೆ ದಾಟಿಸುತ್ತಾರೋ, ಆ ವರ್ಷ ಅವನಿಗೆ ಐವತ್ತೈದು ತುಂಬಿತೆಂದು ಬರೆಯುವುದು!

ನಗುತ್ತ ಹೇಳಿದ ಮಾತೇ. ಆದರೆ ಆ ಶಾಲೆಯಲ್ಲಿ ಒಂದು ಸಂಗತಿ ಎರಡು ವರ್ಷ ನಡೆದರೆ ಸಂಪ್ರದಾಯವಾಗುತ್ತಿತ್ತು. ಮೂರನೆಯ ವರ್ಷಕ್ಕೆ ಅದನ್ನು ಅಲ್ಲಾಡಿಸಲು ರೋಮಿನಿಂದ ಕಾಗದ ಬಂದರೂ ಸಾಲುತ್ತಿರಲಿಲ್ಲ.

ಹಗ್ಗಜಗ್ಗಾಟವೂ ಅಂಥದೇ ಒಂದು. ಮಾರ್ಚ್ ತಿಂಗಳ ನಡುವೆ ಹಬ್ಬ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಆಟ. ಒಂದು ಕಡೆ ಕೊನೆಯ ತರಗತಿಯ ಹುಡುಗರೆಲ್ಲ, ಇನ್ನೊಂದು ಕಡೆ ಎಂಟು ಮಂದಿ ಮಾಸ್ತರರು, ಮಾಸ್ತರರ ಹಿಂದೆ ಸೂಗಪ್ಪ. ವಾಡಿ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನಿಂದ ತಂದ ಹಗ್ಗದ ತುದಿಯನ್ನು ಅವನ ನಡುವಿಗೆ ಸುತ್ತಿ ಗಂಟು ಹಾಕುತ್ತಿದ್ದರು. ಮಾಸ್ತರರು ಸೋತರೆ ಆ ದಿನ ಇಡೀ ಶಾಲೆಯ ಊಟದ ತಟ್ಟೆಗಳನ್ನು ಅವರೇ ತೊಳೆಯಬೇಕು. ಸೂಗಪ್ಪ ಬಂದ ಮೇಲೆ ಯಾವ ಮಾಸ್ತರನ ಕೈಗೂ ಬೂದಿ ಹತ್ತಿರಲಿಲ್ಲ. ಹರೆಯದಲ್ಲಿ ಭಂಕೂರದ ಕಲ್ಲಿನ ಖಣಿಯಲ್ಲಿ ಫರಸಿಯ ಚಪ್ಪಡಿ ಹೊತ್ತವನು ಅವನು. ಅವನು ಕಾಲೂರಿ ನಿಂತರೆ ಕೆಳಗಿನ ಬಂಡೆ ಸ್ವಲ್ಪ ಕುಸಿದು ಜಾಗ ಮಾಡಿಕೊಡುತ್ತಿತ್ತಂತೆ.

ಈಗ ಸೂಗಪ್ಪನಿಗೆ ಬೇಕಾಗಿದ್ದುದು ಒಂದೇ, ಕುಳಿತುಕೊಳ್ಳುವುದು. ಮಳಖೇಡದಲ್ಲಿ ಅವನ ಮಗಳು ಭಾಗಮ್ಮ ಅಂಗಳದ ಬೇವಿನ ಕೆಳಗೆ ಅಪ್ಪನಿಗೆಂದೇ ಹೊಸ ಹೊರಸಿನ ಮಂಚ ಹೆಣೆಸಿ ಇಟ್ಟಿದ್ದಳು. ಐದು ವರ್ಷದಿಂದ ಅದರ ಮೇಲೆ ಬೇವಿನ ಎಲೆಗಳು ಮಾತ್ರ ಕುಳಿತಿದ್ದವು.

ಪಾದ್ರಿ ಸಾಲೆಯಲ್ಲಿ ಕುಳಿತುಕೊಳ್ಳಲು ಪುರುಸೊತ್ತೆಲ್ಲಿ? ಶಾಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿತ್ತು ಆ ಕಟ್ಟಡ. ಗೋಡೆ ಫರಸಿ, ನೆಲ ಫರಸಿ, ಮೇಲೆ ಹೊದಿಸಿದ್ದೂ ಫರಸಿ. ಬೇಸಿಗೆಯಲ್ಲಿ ಹುಡುಗರು ಹಸಿಯಾಗಿ ಒಳಗೆ ಹೋಗಿ ಬೆಂದು ಹೊರಬರುತ್ತಿದ್ದರು. ಸೇಡಂ, ಚಿತ್ತಾಪುರ, ಚಿಂಚೋಳಿಯಿಂದ ಬಂದು ವಸತಿಗೃಹದಲ್ಲಿದ್ದ ನೂರಿಪ್ಪತ್ತು ಹುಡುಗರನ್ನು ನಸುಕಿನಲ್ಲಿ ಎಬ್ಬಿಸುವವನು ಸೂಗಪ್ಪ. ಬಾವಿಯಿಂದ ನೀರು ಸೂಗಪ್ಪ, ಗಂಟೆ ಸೂಗಪ್ಪ, ಜ್ವರ ಬಂದವನನ್ನು ದವಾಖಾನೆಗೆ ಹೊತ್ತೊಯ್ಯುವವನೂ ಅವನೇ. ಮಧ್ಯಾಹ್ನ ಹನ್ನೆರಡಕ್ಕೆ ದೇವಮಾತೆಯ ಪ್ರಾರ್ಥನೆಯ ಗಂಟೆಯಾದರೆ ಕ್ರೈಸ್ತ, ಲಿಂಗಾಯತ, ಮುಸಲ್ಮಾನ ಎನ್ನದೆ ಎಲ್ಲರೂ ಇದ್ದಲ್ಲೇ ಕಲ್ಲಾಗಿ ನಿಲ್ಲಬೇಕು. ಅಷ್ಟು ಹೊತ್ತು ಅಂಗಳದ ನೊಣವೂ ರೆಕ್ಕೆ ಬಡಿಯದೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಆಗಲೂ ಸೂಗಪ್ಪ ನಿಂತಿರುತ್ತಿದ್ದ. ಗಂಟೆಯ ಹಗ್ಗ ಅವನ ಕೈಯಲ್ಲೇ ಇತ್ತಲ್ಲ!

ಬೂದಿ ಬುಧವಾರದಂದು ಫಾದರು ಎಲ್ಲರ ಹಣೆಗೂ ಬೂದಿ ಹಚ್ಚುತ್ತ ಬಂದು ಬಾಗಿಲಲ್ಲಿ ನಿಂತ ಸೂಗಪ್ಪನ ಮುಂದೆ ಕೈ ತಡೆದು ನಿಂತರು. ಅವನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಆಗಲೇ ಇತ್ತು.

“ನಮ್ದು ದಿನಾ ಇರ್ತದ್ರಿ ಫಾದರ್. ನಿಮ್ಮವ್ರಿಗಿ ವರ್ಷಕ್ಕೊಮ್ಮಿ ನೆನಪಾಗ್ತದ” ಎಂದ ಸೂಗಪ್ಪ.

ಆ ಬಾಗಿಲಲ್ಲೇ, ಲ್ಯಾಟಿನ್ ಪೂಜೆ ನಡೆದಿರುವಾಗಲೇ, ಅವನು ನಿಂತು ನಿದ್ರೆ ಮಾಡುವುದನ್ನು ಕಲಿತದ್ದು.

ಹಾಗಾದರೆ ಹಗ್ಗವನ್ನು ಒಂದು ವರ್ಷ ಸುಮ್ಮನೆ ಬಿಟ್ಟುಬಿಡಬಾರದಿತ್ತೇ ಎಂದು ಕೇಳಬಹುದು. ಬಿಡುವಂತಿರಲಿಲ್ಲ. ತೀರ್ಪು ಕೊಟ್ಟ ದಿನವೇ ದೊಡ್ಡ ಫಾದರು, “ಬೇಕಂತ ಸೋಲಬಾರದು ನೋಡು” ಎಂದಿದ್ದರು. ಸೂಗಪ್ಪ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದ್ದ. ಆಣೆ ಮಾಡುವಾಗ ಇದು ಇಷ್ಟು ದೂರ ಹೋದೀತೆಂದು ಅವನಿಗೆ ತಿಳಿದಿರಲಿಲ್ಲ. ಮೇಲಾಗಿ, ಹಗ್ಗದಲ್ಲಿ ಅವನ ಮುಂದೆ ನಿಲ್ಲುವ ಗಣಿತದ ಮಜೀದಸಾಬರು ಅವನು ಬಡಕಲಾಗದಂತೆ ಕಾವಲಿದ್ದರು. ಅವರೋ ಗಾಳಿ ಬಂದರೆ ಕಂಬ ಹಿಡಿಯುವಷ್ಟು ತೆಳ್ಳಗಿನ ಮನುಷ್ಯ. ಫೆಬ್ರುವರಿ ಹುಟ್ಟಿತೆಂದರೆ ಸ್ಟೇಷನ್ನಿನ ಖಾನಾವಳಿಯಿಂದ ಶೇಂಗಾದ ಹೋಳಿಗೆ ತರಿಸಿ ಅವನ ಮುಂದಿಡುವರು.

“ತಿನ್ನು ಸೂಗಪ್ಪಾ, ತಿನ್ನು. ನಿನ್ನ ಹೊಟ್ಟಿಯೊಳಗ ನಮ್ಮ ಇಜ್ಜತ್ ಅದ.”

“ಮಾಸ್ತರ್ರ, ನಂಗ ಸಾಕಾಗ್ಯದ್ರಿ.”

“ಹೋಳಿಗಿ ಸಾಕಾಯ್ತಾ?”

“ನೌಕರಿ ಸಾಕಾಗ್ಯದ್ರಿ.”

“ಹೋಳಿಗಿ ಅಷ್ಟ ನನ್ನ ಕೈಯಾಗ ಅದಪಾ. ನೌಕರಿ ಮಾತು ಫಾದರ್‌ಗ ಹೇಳು” ಎಂದು ಅವರು ಇನ್ನೊಂದನ್ನು ಮುಂದಿಡುವರು.

ಐವತ್ತೈದನೆಯ ಇಸವಿಯ ಹಬ್ಬಕ್ಕೆ ಎಂಟು ದಿನವಿರುವಾಗ ಭಾಗಮ್ಮ ಮಳಖೇಡದಿಂದ ಬಂದಳು. ಅಪ್ಪ ಎರಡು ಕೊಡ ಹೊತ್ತು ಬರುತ್ತಿದ್ದುದನ್ನು ನೋಡಿದಳು. ಅವನ ಮೊಣಕಾಲು ಒಂದೊಂದು ಹೆಜ್ಜೆಗೂ ನಡುಗುತ್ತಿತ್ತು.

“ಅಪ್ಪಾ, ಬರ್ತಿಯೋ ಇಲ್ಲೋ? ನೀನಾಗೇ ನಡಕೊಂತ ಬಂದು ಹೊರಸಿನ ಮ್ಯಾಲ ಕುಂದ್ರು. ನಾಲ್ಕ ಮಂದಿ ಹೊತ್ತು ತಂದು ಮಲಗ್ಸಿದ್ರ ನಂಗೇನು ಸುಖ?”

ಸೂಗಪ್ಪ ಕೊಡ ಇಳಿಸಿ ಹೆಗಲು ಒರೆಸಿಕೊಂಡ. ಪಕ್ಕದಲ್ಲೇ ಇದ್ದ ಕೊನೆಯ ತರಗತಿಯ ಮುಂದಾಳು ಸಾಯಬಣ್ಣ ಈ ಮಾತು ಕೇಳಿದ. ಖಣಿ ಗುತ್ತೇದಾರನ ಮಗ, ಗೂಳಿಯಂಥ ಹುಡುಗ.

“ಮುತ್ಯಾ, ಚಿಂತಿ ಬಿಡ್ರಿ. ಈ ಸಲ ನಿಮ್ಮನ್ನ ಜಗ್ಗಿದ್ರ ಸೀದಾ ಮಳಖೇಡದಾಗೇ ಬೀಳ್ತೀರಿ.”

ಆ ಎಂಟು ದಿನ ಮೂವತ್ತೊಂದು ಹುಡುಗರು ಮೈದಾನದ ಅಂಚಿನ ಜಾಲಿಮರಕ್ಕೆ ಹಗ್ಗ ಕಟ್ಟಿ ಜಗ್ಗಿದರು. ಮರ ಬೇರುಸಹಿತ ಎದ್ದು ನಾಲ್ಕು ಹೆಜ್ಜೆ ನಡೆಯಿತು ಎನ್ನುವವರಿದ್ದಾರೆ. ಬರೀ ಬಗ್ಗಿತು ಎಂದು ಜಿಪುಣತನ ಮಾಡುವವರೂ ಇದ್ದಾರೆ.

ಹಬ್ಬದ ದಿನ ಬಿಸಿಲು ಎಂಥದಿತ್ತೆಂದರೆ ಮೈದಾನದಲ್ಲಿ ಎಳೆದ ಸುಣ್ಣದ ಗೆರೆ ಮತ್ತೊಮ್ಮೆ ಸುಟ್ಟು ಸುಣ್ಣವಾಗುತ್ತಿತ್ತು. ಸೂಗಪ್ಪ ಹಿಂದಿನ ದಿನದಿಂದ ಹಬ್ಬಕ್ಕೆಂದು ಬೆಂಚು ಹೊತ್ತಿದ್ದ, ನೀರು ಹೊತ್ತಿದ್ದ, ತೋರಣ ಕಟ್ಟಿದ್ದ. ಹಗ್ಗ ನಡುವಿಗೆ ಬಿಗಿದಾಗ ಕಾಲೂರಿ ಹಿಂದಕ್ಕೆ ವಾಲಿದ. ಅಷ್ಟರ ಮಟ್ಟಿಗೆ ಅದು ವಿಶ್ರಾಂತಿಯೇ. ಹಿಂದೆ ಬೀಳದಂತೆ ಹುಡುಗರು ಹಿಡಿದಿದ್ದರು, ಮುಂದೆ ಬೀಳದಂತೆ ಅವನ ತೂಕವೇ ಹಿಡಿದಿತ್ತು. ಸೀಟಿ ಊದಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಹುಡುಗರು ಜಗ್ಗಿದರು. ಕಣ್ಣುಗುಡ್ಡೆ ಹೊರಬರುವಂತೆ ಜಗ್ಗಿದರು. ಮಾಸ್ತರರ ಚಪ್ಪಲಿ ಹರಿದವು, ಮಜೀದಸಾಬರು ನೆಲದಿಂದ ಮೇಲೆದ್ದು ಹಗ್ಗಕ್ಕೆ ಒಣಹಾಕಿದ ಶೇರ್ವಾನಿಯಂತೆ ತೂಗಾಡಿದರು. ಸೂಗಪ್ಪ ಮಾತ್ರ ಒಂದು ಬೆರಳೂ ಸರಿಯಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಗೊರ್ ಗೊರ್ ಎಂಬ ಸದ್ದು. ಗೂಡ್ಸ್ ಗಾಡಿ ಬಂತೆಂದು ನಾಲ್ಕು ಜನ ಹಳಿಯ ಕಡೆ ನೋಡಿದರು.

ಸಾಯಬಣ್ಣ ಮೊದಲು ಜಗ್ಗುವುದನ್ನು ನಿಲ್ಲಿಸಿದ. “ಫಾದರ್, ನಿಲ್ಲಸ್ರಿ. ಮುತ್ಯಾಗ ನಿದ್ದಿ ಹತ್ಯದ್ರಿ!”

ಮೈದಾನವೆಲ್ಲ ನಕ್ಕಿತು. ದೊಡ್ಡ ಫಾದರೂ ನಗುತ್ತಲೇ ಹತ್ತಿರ ಬಂದರು. ಬಂದು ನೋಡಿದರು. ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಬಾಯಿ ಅರ್ಧ ತೆರೆದಿತ್ತು. ನಿದ್ರೆಯಲ್ಲೂ ಆ ಮೊಣಕಾಲು ನಡುಗುತ್ತಲೇ ಇತ್ತು. ಫಾದರ ನಗು ನಿಂತಿತು.

“ಹಗ್ಗ ಸರದಿಲ್ಲ ಫಾದರ್” ಎಂದರು ಮಜೀದಸಾಬರು, ಸ್ವಲ್ಪ ಮೆಲ್ಲಗೆ. “ಕಾಯ್ದೆ ಪ್ರಕಾರ ಇನ್ನೊಂದು ವರ್ಷ...”

ಫಾದರು ಬಿಳಿ ನಿಲುವಂಗಿಯನ್ನು ಎತ್ತಿ ಹಿಡಿದು ಗೆರೆ ದಾಟಿ ಹುಡುಗರ ಕಡೆಗೆ ಹೋಗಿ, ಸಾಯಬಣ್ಣನ ಮುಂದೆ ನಿಂತು ಎರಡೂ ಕೈಯಿಂದ ಹಗ್ಗ ಹಿಡಿದರು. ಜಗ್ಗಲಿಲ್ಲ. ಕರೆದರು.

“ಸೂಗಪ್ಪಾ, ಬಾರೋ ಇಲ್ಲಿ.”

ಇಪ್ಪತ್ತಾರು ವರ್ಷದಲ್ಲಿ ಆ ದನಿ ಎಷ್ಟು ಸಲ ಹಾಗೆ ಕರೆದಿತ್ತೋ! ಉಣ್ಣುತ್ತಿದ್ದರೆ ತುತ್ತು ಬಿಟ್ಟು, ಮಲಗಿದ್ದರೆ ಕಂಬಳಿ ಬಿಟ್ಟು ಅವನು ಹೋಗಿದ್ದ. ಈಗಲೂ ಕಣ್ಣು ಇನ್ನೂ ಪೂರಾ ತೆರೆದಿರಲಿಲ್ಲ, ಬಾಯಿ “ಬಂದ್ನಿರಿ” ಎಂದಿತು, ಕಾಲು ಎದ್ದವು. ಮುಂದಿದ್ದ ಎಂಟು ಮಾಸ್ತರರನ್ನು ಕರುಗಳಂತೆ ತಳ್ಳಿಕೊಂಡು ಸೂಗಪ್ಪ ನಡೆದ.

“ಹಿಂಗ ನಡೆಯಂಗಿಲ್ಲ ಫಾದರ್! ಆಣೆ ಮುರಿಲಾಕತ್ತಾನ!” ಎಂದು ಮಜೀದಸಾಬರು ಅವನ ಎದೆಗೆ ಆತುಕೊಂಡೇ ಕೂಗಿದರು.

“ಅಂವ ಬೇಕಂತ ಸೋಲಾಕತ್ತಿಲ್ಲ ಮಾಸ್ತರ. ಕರದ್ರ ಬರಾಕತ್ತಾನ” ಎಂದರು ಫಾದರು.

ಸುಣ್ಣದ ಗೆರೆ ಸೂಗಪ್ಪನ ಹಿಮ್ಮಡಿಯ ಹಿಂದೆ ಬಿತ್ತು. ಮೂವತ್ತೊಂದು ಹುಡುಗರು ಹಾಕಿದ ಕೇಕೆ ಚಿಂಚೋಳಿಯ ತನಕ ಹೋಗಿ, ಅಲ್ಲಿಂದ ಆಚೆ ತೆಲುಗು ಸೀಮೆಯಲ್ಲಿ ತೆಲುಗಿಗೆ ತಿರುಗಿತಂತೆ. ಸೂಗಪ್ಪ ಕಣ್ಣು ಬಿಟ್ಟು ಗಾಬರಿಯಿಂದ ಫಾದರ ಮುಖ ನೋಡಿದ.

“ಏನ್ ತರಬೇಕ್ರಿ?”

“ಏನೂ ಬ್ಯಾಡೋ. ನಿನಗ ಐವತ್ತೈದು ತುಂಬ್ಯಾವ.”

ಸೂಗಪ್ಪ ತನ್ನ ಕಾಲ ಹಿಂದಿನ ಗೆರೆಯನ್ನು ತಿರುಗಿ ನೋಡಿದ. ಮಜೀದಸಾಬರು ಅಂಗಿಯ ತೋಳು ಮೇಲೇರಿಸುತ್ತ ಬಂದು ಅವನ ನಡುವಿನ ಗಂಟಿಗೆ ಕೈ ಹಾಕಿದರು. ಗಂಟು ಬಿಗಿದಿತ್ತು, ಹಲ್ಲು ಹಚ್ಚಿ ಬಿಚ್ಚಬೇಕಾಯಿತು.

“ಹೋಗಪಾ, ಹೋಗು. ನಾಲ್ಕು ನೂರು ತಟ್ಟಿ ನನ್ನ ದಾರಿ ಕಾಯ್ಲಿಕತ್ತಾವ” ಎಂದು ಅವರು ಅವನ ಬೆನ್ನಿಗೊಂದು ಗುದ್ದು ಕೊಟ್ಟರು. ಗುದ್ದು ಕೊಟ್ಟ ಕೈಯನ್ನು ಅಲ್ಲಿಂದ ತೆಗೆಯಲು ಮರೆತರು.

ಹಗ್ಗ ಕೆಳಗೆ ಬಿತ್ತು. ಸೂಗಪ್ಪ ಬೆಂಚಿನ ಕಡೆ ನೋಡಿದ. ಹತ್ತು ಹೆಜ್ಜೆ ದೂರವಿತ್ತು. ಬೇಡವೆನಿಸಿತು. ಗೆರೆಯ ಈಚೆಗೆ, ಆ ಸುಡುವ ನೆಲದ ಮೇಲೇ, ಎಲ್ಲರ ನಡುವೆ ಕುಳಿತುಬಿಟ್ಟ. ಅತ್ತ ಆಟ ಮುಗಿದ ಗಂಟೆ ಹೊಡೆಯುವ ಹೊತ್ತಾಗಿತ್ತು. ದೊಡ್ಡ ಫಾದರು ಒಮ್ಮೆ ಅವನ ಕಡೆ ನೋಡಿದರು, ಕರೆಯಲಿಲ್ಲ. ನಿಲುವಂಗಿಯ ಧೂಳು ಕೊಡವಿಕೊಳ್ಳುತ್ತ ತಾವೇ ಗಂಟೆಯ ಕಡೆ ನಡೆದರು.