ಮುಚ್ಚಿದ್ದ ಗುಂಡಿ

ಆಲೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಈಗಲೂ ಯಾರಾದರೊಬ್ಬರು ಹೆಗಲ ಮೇಲೆ ಕೈ ಹಾಕಿ, "ಏನ್ ಮಾರಾಯ, ಮೊನ್ನೆ ಟೀವಿಲಿ ಬಂದಿದ್ದಲ್ಲ, ಊರೆಲ್ಲ ಕೂತ್ಕಂಡು ನೋಡ್ದೋ ಕಣೋ" ಅನ್ನುತ್ತಾರೆ. ನಾನು ಹಲ್ಲು ಕಿರಿಯುತ್ತೇನೆ. ಫುಟ್‌ಬಾಲ್ ಆಡಿ ಅನ್ನ ತಿನ್ನುವವನು ನಾನು, ಮಿಡ್‌ಫೀಲ್ಡರ್. ಹೊಗಳಿಸಿಕೊಳ್ಳುವುದು ಇಷ್ಟವೇ, ಸುಳ್ಳೇಕೆ ಹೇಳಲಿ. ಆದರೆ ನಾನು ಆ ತಂಡದಲ್ಲಿ ಹೇಗೆ ಉಳಿದುಕೊಂಡೆ ಅನ್ನುವುದು ಗೊತ್ತಾದರೆ ಹೆಗಲ ಮೇಲಿನ ಕೈ ಕಪಾಳಕ್ಕೆ ಬರುತ್ತದೆ.

ಅಪ್ಪ ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಕಾಫಿ ಒಣಗಿಸುವ ಕಣ ಖಾಲಿಯಾದರೆ ಅದೇ ನಮ್ಮ ಮೈದಾನ. ಕಣದ ಮೂರು ಕಡೆ ಇಳಿಜಾರು. ಚೆಂಡು ಆಚೆ ಹೋಯಿತೋ, ಗಿಡಗಳ ನಡುವೆ ಉರುಳಿ ನೇರ ಹಳ್ಳಕ್ಕೆ. ಹೊಡೆದವನೇ ಇಳಿದು ತರಬೇಕು, ಜಿಗಣೆ ಕಚ್ಚಿಸಿಕೊಂಡು. ಹಾಗಾಗಿ ಚೆಂಡನ್ನು ಕಾಲ ಬುಡದಲ್ಲೇ ಇಟ್ಟುಕೊಂಡು, ಪಕ್ಕದವನ ಕಾಲಿಗೆ ಮೆತ್ತಗೆ ತಲುಪಿಸುವುದು ನನಗೆ ಸಣ್ಣವನಿದ್ದಾಗಲೇ ರೂಢಿಯಾಗಿಬಿಟ್ಟಿತ್ತು. ಬೆಂಗಳೂರಿನ ಒಂದು ಕ್ಲಬ್ಬಿನ ಕೋಚ್ ಅದನ್ನೇ ಮೆಚ್ಚಿ, ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಂಟ್ರಾಕ್ಟ್ ಕೊಡಿಸಿದರು. ಅದರಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ಹೊರಗೆ ಎಲ್ಲೂ ಆಡುವಂತಿಲ್ಲ. ಹೊರಗೆ ಆಡಿ ಪೆಟ್ಟು ಮಾಡಿಕೊಂಡರೆ ಅವತ್ತೇ ಗಂಟುಮೂಟೆ ಕಟ್ಟಬೇಕು. ಕ್ಲಬ್ಬಿನ ಮೈದಾನದಲ್ಲಿ ಪೆಟ್ಟಾದರೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ.

ಆ ಮೈದಾನವನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಆಲೂರು ತಾಲೂಕಿನವರೇ, ಪಾಳ್ಯದ ಕಡೆಯವರು. ನನ್ನ ಮಾತು ಕೇಳಿದ ಮೊದಲ ದಿನವೇ, "ಯಾವೂರ್ಲಾ ನಿಂದು?" ಅಂದಿದ್ದರು. ನಾನು ಮಾವ ಅನ್ನುತ್ತಿದ್ದೆ. ದಿನಾ ಆಟ ಮುಗಿದ ಮೇಲೆ ಬರಿಗಾಲಲ್ಲಿ ಇಡೀ ಮೈದಾನ ನಡೆಯುವರು. ಎಲ್ಲಿ ಕಾಲು ತಗ್ಗಿತೋ ಅಲ್ಲಿ ಕೂತು ಮಣ್ಣು ತುಂಬಿ, ದಿಮ್ಮಸು ಹಾಕಿ ಗಟ್ಟಿ ಮಾಡಿ, ಹುಲ್ಲಿನ ಹೆಂಟೆ ಕೂರಿಸುವರು. "ಶೂಗೆ ಗೊತ್ತಾಗಕಿಲ್ಲ, ಪಾದಕ್ಕೆ ಗೊತ್ತಾಯ್ತದೆ" ಅನ್ನುವರು. ಗದ್ದೆ ಮಟ್ಟ ಮಾಡಿ ಬಂದ ಪಾದಗಳು.

ಎರಡನೇ ವರ್ಷ, ಭತ್ತದ ಕೊಯ್ಲು ಮುಗಿದ ಹೊತ್ತಿನಲ್ಲಿ ಕೋಚ್ ಕರೆದು, ಬರುವ ಶನಿವಾರ ಮೊದಲ ಹನ್ನೊಂದು ಜನರಲ್ಲಿ ನೀನಿದ್ದೀಯ ಅಂದರು. ಆ ಖುಷಿಯನ್ನು ಬೆಂಗಳೂರಿನಲ್ಲಿ ಯಾರ ಹತ್ತಿರ ಹಂಚಿಕೊಳ್ಳಲಿ? ಭಾನುವಾರದ ರಜೆಗೆ ಆಲೂರಿನ ಹತ್ತಿರ ಅಮ್ಮನ ತವರಿಗೆ ಓಡಿದೆ. ಅಮ್ಮನೂ ಅಲ್ಲೇ ಇದ್ದಳು. ಅವತ್ತೇ ಅಲ್ಲಿ ಕೊಯ್ದ ಗದ್ದೆಯಲ್ಲಿ ಟಗರಿನ ಪಂದ್ಯ, ಊರೂರಿನ ನಡುವೆ ಫುಟ್‌ಬಾಲ್. ಗೆದ್ದ ಊರಿಗೆ ಟಗರು, ಗೆಲ್ಲಿಸಿದವನ ಮನೆಗೆ ಅದರ ತಲೆಕಾಲು. ಅದು ಅಲ್ಲಿನ ಪದ್ಧತಿ.

ನೋಡುತ್ತ ಕೂತಿದ್ದೆ. ದೇವರಾಣೆಗೂ ಆಡುವ ಮನಸ್ಸಿರಲಿಲ್ಲ. ಅರ್ಧ ಆಟ ಆಗುವಾಗ ನಮ್ಮವರು ಒಂದು ಗೋಲು ಹಿಂದೆ.

"ಬಂದು ಆಡೋ, ಹತ್ ನಿಮಿಷ" ಅಂದ ಒಬ್ಬ.

"ಆಡಂಗಿಲ್ಲ ಕಣ್ರೋ."

"ಬುಡ್ರೋ ಅವನ್ನ. ಬೆಂಗ್ಳೂರ್ ಹುಲ್ಲಿನ ಮ್ಯಾಲೆ ಆಡೋ ಕಾಲು, ನಮ್ ಗದ್ದೆ ಕೂಳೆ ಚುಚ್ಚಿದ್ರೆ ಅತ್ಬುಡ್ತಾನೆ!"

ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪ್ಯಾಂಟು ಮಡಚಿ ಇಳಿದೇಬಿಟ್ಟೆ. ಎರಡು ಗೋಲು ಹೊಡೆದೆ. ಎರಡನೆಯದು ಹೊಡೆದು ಓಡುವಾಗ ಬಲಗಾಲು ಬದುವಿನ ಸಂದಿಗೆ ಸಿಕ್ಕಿ ಹೊರಳಿತು. ಅಮ್ಮ ಟಗರಿನ ಕಾಲು ಸುಟ್ಟು ಸಾರು ಮಾಡಿದಳು. ನಾನು ಊದಿದ ನನ್ನ ಕಾಲನ್ನು ಚಾಪೆಯ ಮೇಲೆ ಚಾಚಿಕೊಂಡು ಅದನ್ನು ಕುಡಿದೆ. ಎಂಥ ದಡ್ಡ ಶಿಖಾಮಣಿ ನಾನು!

ಸೋಮವಾರ ಬೆಳಗಿನ ಬಸ್ಸಿನಲ್ಲಿ ಬೆಂಗಳೂರು ತಲುಪುವವರೆಗೂ ಒಂದೇ ಯೋಚನೆ. ನಿಜ ಹೇಳಿದರೆ ಕಾಂಟ್ರಾಕ್ಟ್ ಹೋಯಿತು. ಆಮೇಲೆ ಏನು? ಎಸ್ಟೇಟ್ ಸ್ಟೋರಿನಲ್ಲಿ ಗೊಬ್ಬರದ ಮೂಟೆ ಲೆಕ್ಕ ಹಾಕುವ ಕೆಲಸ ಅಪ್ಪ ಕೊಡಿಸುತ್ತಿದ್ದರು, ಅಷ್ಟೇ. ಇಳಿಯುವಷ್ಟರಲ್ಲಿ ಉಪಾಯ ಸಿಕ್ಕಿತ್ತು. ಥೂ, ಅದನ್ನು ಉಪಾಯ ಅನ್ನಲೂ ನಾಚಿಕೆಯಾಗುತ್ತದೆ.

ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ, ಮೇಲೆ ಸಾಕ್ಸ್ ಎಳೆದು, ಮಧ್ಯಾಹ್ನದ ಅಭ್ಯಾಸಕ್ಕೆ ಇಳಿದೆ. ಮೈದಾನದ ಮೂಲೆ ಬಾವುಟದ ಹತ್ತಿರ ನೀರಿನ ಪೈಪು ಸರಿ ಮಾಡಲು ಹಿಂದಿನ ವಾರ ಅಗೆದಿದ್ದರು. ಮಾವ ಅದನ್ನು ಮುಚ್ಚಿ ಹುಲ್ಲು ಕೂರಿಸಿದ್ದರು. ನಾನು ಚೆಂಡಿನ ನೆಪದಲ್ಲಿ ಅಲ್ಲಿಗೆ ಹೋಗಿ ಬಿದ್ದೆ. ಬಿದ್ದವನು ಸುಮ್ಮನಿರಲಿಲ್ಲ. ಯಾರೂ ಬರುವ ಮೊದಲು ಎಡಗಾಲಿನ ಶೂ ಹಿಮ್ಮಡಿಯಿಂದ ಹುಲ್ಲಿನ ಹೆಂಟೆ ಕಿತ್ತು, ಹಸಿ ಮಣ್ಣನ್ನು ಒತ್ತಿ ಒತ್ತಿ ತಗ್ಗು ಮಾಡಿದೆ. ಆಮೇಲೆ ಕಿರುಚಿದೆ.

"ಏನಾಯ್ತು?" ಕೋಚ್ ಓಡಿ ಬಂದರು.

"ಗುಂಡಿಗೆ ಕಾಲು ಹೋಯ್ತು ಸರ್."

ಮಾವ ಮೈದಾನದ ಆ ತುದಿಯಿಂದ ನೀರು ಬಿಡುತ್ತಿದ್ದ ಪೈಪು ಬಿಸಾಕಿ ಓಡಿ ಬಂದರು. "ಮುಚ್ಚಿದ್ದೆ ಸರ್. ದಿಮ್ಮಸು ಹಾಕಿದ್ದೆ. ನಿನ್ನೆ ಬರಿಗಾಲಲ್ಲಿ ಓಡಾಡಿ ನೋಡಿವ್ನಿ." ಕೋಚ್ ಆ ತಗ್ಗನ್ನು ತೋರಿಸಿದರು. ಮಾವ ಬಗ್ಗಿ ಅದರೊಳಗೆ ಕೈ ಇಟ್ಟು ನೋಡಿದರು. ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು. ನಾನು ಕಣ್ಣು ಮುಚ್ಚಿ ನರಳುತ್ತಿದ್ದೆ. ನೋವು ಮಾತ್ರ ನಿಜವಾದದ್ದು.

ಮರುದಿನವೇ ಅವರನ್ನು ಕೆಲಸ ಬಿಡಿಸಿದರು. ಊರಿಗೆ ಹೊರಡುವ ಮುಂಚೆ ನನ್ನ ರೂಮಿಗೆ ಬಂದರು. ಬ್ಯಾಗು ಬಾಗಿಲಲ್ಲಿಟ್ಟು, ನೋವಿನ ಎಣ್ಣೆಯ ಬಾಟಲಿ ತೆಗೆದು ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಬೇಡ ಅನ್ನಲಿಲ್ಲ. ತಿಕ್ಕುತ್ತ ತಿಕ್ಕುತ್ತ, "ನನ್ನಿಂದ ನಿನ್ ಶನಿವಾರ ಹಾಳಾಗೋಯ್ತಲ್ಲ ಮಗಾ. ಹೆಂಗ್ ತಪ್ತು ಅಂತ ತಿಳೀತಿಲ್ಲ. ಬೇಜಾರ್ ಮಾಡ್ಕಬ್ಯಾಡ" ಅಂದರು.

ನಾನು ಏನಂದೆ ಗೊತ್ತೇ? "ಪರ್ವಾಗಿಲ್ಲ ಬಿಡಿ ಮಾವ" ಅಂದೆ. ಏನೂ ತಪ್ಪು ಮಾಡದ ಮನುಷ್ಯನನ್ನು ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿ ಕಳಿಸಿದೆ. ಮಣ್ಣು ಒತ್ತಿದ್ದಕ್ಕಿಂತ ಆ ಒಂದು ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಾಲು ವಾಸಿಯಾಯಿತು. ಕೋಚ್ ಜಾಗ ಉಳಿಸಿಟ್ಟಿದ್ದರು, ಆಡಿದೆ, ಹೆಸರು ಬಂತು. ಪ್ರತಿ ರಜೆಗೂ ಪಾಳ್ಯಕ್ಕೆ ಹೋಗಬೇಕು ಅಂದುಕೊಂಡು, ಪ್ರತಿ ರಜೆಯಲ್ಲೂ ಒಂದೊಂದು ನೆಪ ಹುಡುಕಿಕೊಂಡು ಎರಡು ವರ್ಷ ತಳ್ಳಿದೆ. ಕೊನೆಗೆ ಆಲೂರಿನಲ್ಲಿ ಯಾರೋ, "ಸ್ಕೂಲ್ ಮೈದಾನ ಮಟ್ಟ ಮಾಡ್ಕೊಡಿ ಅಂತ ಬೆಂಗ್ಳೂರಲ್ಲಿ ನಿಮ್ ಮೈದಾನ ನೋಡ್ಕತಿದ್ರಲ್ಲ ಪಾಳ್ಯದೋರು, ಅವ್ರನ್ನ ಕೇಳಿದ್ವಿ. 'ನನ್ ಕೈ ನಂಬಬ್ಯಾಡಿ, ಮಕ್ಳು ಬಿದ್ದಾರು' ಅಂದ್ಬುಟ್ರು" ಅಂದಾಗ ಕೂತಲ್ಲಿ ಕೂರಲಾಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿದೆ.

ಮಾವ ಜಗಲಿಯ ಮೇಲೆ ರಾಗಿ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು, "ಕಾಲು ಹೆಂಗೈತೋ?" ಅಂದರು. ಮೊದಲು ಅದನ್ನೇ ಕೇಳಿದರು. ಅವರ ಹೆಂಡತಿ, ಅಂದರೆ ನನಗೆ ಅತ್ತೆ, ಕಾಫಿ ತಂದುಕೊಟ್ಟು ಬಾಗಿಲಲ್ಲಿ ನಿಂತರು. ಎರಡು ಗುಟುಕು ಕುಡಿದು, ಇನ್ನು ತಡೆದರೆ ಹೇಳುವುದೇ ಇಲ್ಲ ಅನ್ನಿಸಿ, ಟಗರಿನ ಪಂದ್ಯದಿಂದ ಹಿಡಿದು ಹಿಮ್ಮಡಿಯಲ್ಲಿ ಮಣ್ಣು ಒತ್ತಿದ್ದರವರೆಗೆ ಎಲ್ಲ ಒದರಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿ ಅಂತಲೇ ಹೋಗಿದ್ದೆ.

ಮಾವ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಹಂಗಾದ್ರೆ ಆವತ್ತು ನಾನು ಮುಚ್ಚಿದ್ನಾ?" ಅಂದರು.

"ಮುಚ್ಚಿದ್ರಿ ಮಾವ. ಗಟ್ಟಿಯಾಗಿತ್ತು. ಕೀಳೋಕೆ ನಂಗೆ ಕಷ್ಟ ಆಯ್ತು."

"ಕೇಳಿದ್ಯೇನೇ?" ಅವರು ಬಾಗಿಲ ಕಡೆ ತಿರುಗಿದರು. ಮುಖವೆಲ್ಲ ನಗು, ಕಣ್ಣಲ್ಲಿ ನೀರು. "ನಾನು ಮುಚ್ಚಿದ್ದೆ ಕಣೇ! ಗಟ್ಟಿಯಾಗಿತ್ತಂತೆ!" ಕೆಲಸದ ಮಾತೆತ್ತಲಿಲ್ಲ, ನನ್ನನ್ನು ಬೈಯಲಿಲ್ಲ. ನಾನು ಅಲ್ಲಿ ಕೂತಿರುವುದೇ ಅವರಿಗೆ ಮರೆತುಹೋದಂತಿತ್ತು.

ಅತ್ತೆ ನಗಲಿಲ್ಲ. "ಎರಡ್ ವರ್ಸ ಕಣಪ್ಪ, ಉಣ್ಣಕ್ ಕುಂತಾಗೆಲ್ಲ ಕೈ ನೋಡ್ಕಂಡು ಕುಂತ್ಬುಡೋರು" ಅಂದರು. ಮುಂದೆ ಬಂದು, ನಾನು ಅರ್ಧ ಕುಡಿದಿದ್ದ ಕಾಫಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡರು. "ಐದೂವರೆಗೆ ಬಸ್ ಐತೆ. ಹೊರಡು."